ಬಜರ್ ಒತ್ತಿದ್ರೂ ಜಟ್ಟಿಂಗಣ್ಣ ಯಾಕೆ ನಿಲ್ಲಿಸ್ಲಿಲ್ಲ

"ಅವ್ರು ನಿಜವಾಗ್ಲೂ ಹಂಗೇನಾ, ಇಲ್ಲ ಚಾನೆಲ್‌ನೋರು ಹೇಳ್ಕೊಟ್ಟು ಮಾಡ್ಸಿದ್ದಾ?"

ಈ ಪ್ರಶ್ನೆ ನಂಗೆ ದಿನಾ ಬರುತ್ತೆ. ಯಾಕಂದ್ರೆ 'ಧೂಳ್ ಟ್ಯಾಲೆಂಟ್' ಶೋದು ಫ್ಯಾನ್ ಪೇಜ್ ನಡ್ಸೋದು ನಾನು. ನಾನು ಮತ್ತೆ ತೀರ್ಥಳ್ಳಿ ಧನ್ಯಶ್ರೀ. ಹನ್ನೊಂದು ಸಾವ್ರ ಫಾಲೋವರ್ಸು. ಮೊದಲ್ನೇ ಸೀಸನ್ನಿಂದ ಒಂದೇ ಒಂದು ಎಪಿಸೋಡ್ ಬಿಟ್ಟಿಲ್ಲ ನಾನು. ಕರೆಂಟ್ ಹೋದ್ರೆ ಮೊಬೈಲಲ್ಲಿ, ನೆಟ್‌ವರ್ಕ್ ಹೋದ್ರೆ ಗುಡ್ಡದ ಮೇಲೆ ನೀರಿನ ಟ್ಯಾಂಕ್ ಹತ್ರ ಹೋಗಿ ನಿಂತ್ಕೊಂಡಾದ್ರೂ ನೋಡಿದೀನಿ. ಆ ಶೋಲಿ ಚೆನ್ನಾಗಿ ಹಾಡೋರು, ಕುಣಿಯೋರು ಬರ್ತಾರಲ್ಲ, ಅವ್ರ ಮಧ್ಯೆ ಒಬ್ರೋ ಇಬ್ರೋ ಬೇರೆ ಥರದೋರು ಬರ್ತಾರೆ. ಮೂಗಲ್ಲಿ ಪೀಪಿ ಊದೋರು, ಹಲ್ಲಲ್ಲಿ ತೆಂಗಿನಕಾಯಿ ಸುಲಿಯೋರು, ಸ್ವಲ್ಪಾನೂ ಶ್ರುತಿ ಇಲ್ದೆ ಭಾರಿ ಧೈರ್ಯದಲ್ಲಿ ಹಾಡೋರು. ಜಡ್ಜ್‌ಗಳು ಸಾಕು ನಿಲ್ಸು ಅಂತ ಬಜರ್ ಒತ್ತಿ ಟೇಬಲ್ ಮೇಲೆ ಬಿದ್ದು ಬಿದ್ದು ನಗ್ತಾರೆ. ಆಮೇಲೆ ಕಾಮೆಂಟಲ್ಲಿ ಜಗಳ, ಇದು ನಿಜಾನಾ ನಾಟಕಾನಾ ಅಂತ.

ಬಾಕಿಯೋರದ್ದೆಲ್ಲ ನಂಗೊತ್ತಿಲ್ಲ. ಒಬ್ರದ್ದು ಮಾತ್ರ ಪಕ್ಕಾ ಗೊತ್ತು. ನಮ್ಮೂರ ಜಟ್ಟಿಂಗಣ್ಣಂದು. ಅದನ್ನ ನಾನು ಊರಿಗೆಲ್ಲ ಹೆಂಗೆ ಹೇಳ್ದೆ ಅಂತ ನೆನೆಸ್ಕೊಂಡ್ರೆ ಈಗ್ಲೂ ತಲೆ ತುಂಬ ಕಂಬ್ಳಿ ಎಳ್ಕೊಂಡ್ಬಿಡೋಣ ಅನ್ಸುತ್ತೆ.

ಜಟ್ಟಿಂಗಪ್ಪ ನಮ್ಮ ಪಂಚಾಯ್ತಿ ನೀರ್ಗಂಟಿ. ಹೊಸನಗರದಿಂದ ಒಂಬತ್ತು ಕಿಲೋಮೀಟ್ರು ನಮ್ಮೂರು, ಐವತ್ತೆರಡು ಮನೆ, ಅಷ್ಟೂ ಮನೆ ನಲ್ಲಿಗೆ ನೀರು ಬಿಡೋದು ಅವ್ರೇ. ವಯಸ್ಸು ಐವತ್ತೇಳೋ ಐವತ್ತೆಂಟೋ, ಅವ್ರಿಗೇ ಸರಿ ಗೊತ್ತಿಲ್ಲ. ಖಾಕಿ ಶರಟು, ಮಡಚಿ ಕಟ್ಟಿದ ಲುಂಗಿ, ಕೈಯಲ್ಲಿ ಅರ್ಧ ಆಳುದ್ದದ ಕಬ್ಬಿಣದ ಕೀ, ವಾಲ್ ತಿರುಗ್ಸೋದು. ಪೈಪಿಗೆ ಕಿವಿ ಕೊಟ್ಟು "ಮೇಲ್ಗಡೆ ಟ್ಯಾಂಕು ಅರ್ಧಕ್ಕೆ ಬಂತು" ಅಂತಾರೆ. ಹತ್ತಿ ನೋಡಿದ್ರೆ ಅರ್ಧಾನೇ ಇರುತ್ತೆ.

ನಮ್ಮಮ್ಮ ಸರೋಜಮ್ಮಂಗೂ ಅವ್ರಿಗೂ ದಿನಾ ಒಂದು ಸುತ್ತು ಆಗ್ಲೇಬೇಕು.

"ಜಟ್ಟಿಂಗಾ, ನಮ್ಮನೆ ನಲ್ಲಿಗೆ ಎಂತ ಶೀತ ಆಗಿದ್ಯನಾ? ಮೂಗು ಸೋರ್ದಂಗೆ ಸೋರ್ತದೆ ಅಷ್ಟೇ."

"ಪಕ್ಕದ್ಮನೆಯೋರು ಕದ್ದು ಮೋಟ್ರು ಹಾಕಿದ್ರೆ ನಿಮ್ ನಲ್ಲಿ ಎಂತ ಮಾಡ್ಬೇಕು ಸರೋಜಮ್ಮ? ನೀವು ಹಾಕಲ್ಲ ಬಿಡಿ. ಆದ್ರೂ ಮೊನ್ನೆ ಸೋಮವಾರದ್ದು ನಿಮ್ ಪೈಪು ನಂಗೆ ಎಲ್ಲಾ ಹೇಳ್ತು."

ಅಮ್ಮ ಒಳಗೆ ಹೋಗ್ಬಿಡ್ತಿದ್ಲು. ಸೋಮವಾರ ಮೋಟ್ರು ಹಾಕಿದ್ದು ಹೌದು.

ಇದು ವರ್ಷ ಪೂರ್ತಿ ಜಟ್ಟಿಂಗಣ್ಣ. ದೀಪಾವಳಿಗೆ ಮಾತ್ರ ಬೇರೆಯೇ ಮನುಷ್ಯ. ನಮ್ ಸಾಗರ, ಹೊಸನಗರ, ತೀರ್ಥಳ್ಳಿ ಕಡೆ ಅಂಟಿಗೆ ಪಂಟಿಗೆ ಅಂತ ಇದೆ. ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡ್ಕೊಂಡು ಎಂಟತ್ತು ಗಂಡಸ್ರು ಮನೆ ಮನೆಗೆ ಬರ್ತಾರೆ, ಬಾಗ್ಲಲ್ಲಿ ನಿಂತು ಹಾಡು ಹೇಳ್ತಾರೆ. ಮನೆಯೋರು ಎದ್ದು ಬಂದು ಆ ದೀಪಕ್ಕೆ ಎಣ್ಣೆ ಹಾಕ್ಬೇಕು, ಅದ್ರಿಂದ ತಮ್ಮನೆ ದೀಪ ಹಚ್ಕೋಬೇಕು. ದೀಪ ಆರ್ಬಾರ್ದು. ಮತ್ತೆ ನಮ್ಮೂರಲ್ಲಿ ಇನ್ನೊಂದು ಕಟ್ಟುನಿಟ್ಟು, ಎಣ್ಣೆ ಬೀಳೋವರೆಗೂ ಹಾಡು ನಿಲ್ಸಬಾರ್ದು. ಒಳಗೆ ಅಜ್ಜಿ ಎದ್ದು ಬರೋದು ತಡ ಆಗ್ಬೋದು, ನಾಯಿ ಬೊಗಳ್ಬೋದು, ಎಂತಾದ್ರೂ ಆಗ್ಲಿ. ಮಧ್ಯದಲ್ಲಿ ನಿಲ್ಸಿದ್ರೆ ಆ ಮನೆಗೆ ಬೆನ್ನು ಹಾಕ್ದಂಗೆ. ಒಂದ್ಸಲ ಮುಕುಂದಯ್ಯನೋರು ಬಚ್ಚಲಲ್ಲಿ ಎಣ್ಣೆಸ್ನಾನ ಮಾಡ್ತಿದ್ರಂತೆ. ಜಟ್ಟಿಂಗಣ್ಣ ಅಂಗಳದಲ್ಲಿ ಮುಕ್ಕಾಲು ಗಂಟೆ ಹಾಡಿದ್ರಂತೆ. ಹೊರಗೆ ಬಂದ ಮುಕುಂದಯ್ಯ, "ಸಾಕನಾ ಮಾರಾಯಾ, ನೊರೆನೂ ಸರಿ ತೊಳ್ಕೊಳ್ದೆ ಬಂದೀನಿ" ಅಂದ್ರಂತೆ.

ತಂಡದಲ್ಲಿ ಎಲ್ರೂ ಹಾಡ್ತಾರೆ, ಆದ್ರೆ ಬಾಕಿಯೋರಿಗೆ ಬರೋದು ಮುಂದಿನೋರು ಹೇಳಿದ ಸಾಲಿನ ಕೊನೆ ಹಿಡ್ದು ಹಿಂದಿಂದ ಎಳಿಯೋದು ಮಾತ್ರ. ಮುಂದೆ ಹೇಳೋದು ಜಟ್ಟಿಂಗಣ್ಣ ಒಬ್ರೇ. ಸುಮಾರು ನಲ್ವತ್ತು ಹಾಡು ಬರುತ್ತೆ, ಪುಸ್ತ್ಕ ಇಲ್ಲ, ಅವ್ರಪ್ಪ ಹೇಳ್ಕೊಟ್ಟಿದ್ದು. ಮೂಗಲ್ಲಿ ಹೇಳ್ತಾರೆ. ಎಳೆದೂ ಎಳೆದೂ ಪ್ರತಿ ಸಾಲಿನ ಕೊನೇಲಿ ಸ್ವರಾನ ಸ್ವಲ್ಪ ಕೆಳಗೆ ಜಾರಿಸ್ತಾರೆ, ಕಾಲು ಜಾರ್ದಂಗೆ. ಎಡಗೈ ಯಾವಾಗ್ಲೂ ದೀಪದ ಹಿಂದೆ ಅಡ್ಡ. ಚಿಕ್ಕಂದಿನಿಂದ ಕೇಳಿ ಕೇಳಿ ನಮಗೆ ಅದು ಹಬ್ಬದ ಸದ್ದು ಅಷ್ಟೇ. ಚೆಂದಾನಾ ಅಂತ ಯಾರೂ ಯೋಚ್ನೆ ಮಾಡಿದ್ದಿಲ್ಲ.

ಇಂಥೋರನ್ನ ಟೀವಿಗೆ ಕರ್ಕೊಂಡು ಹೋದವ್ಳು ನಾನು.

ಡಿಗ್ರಿ ಮುಗಿದ್ಮೇಲೆ ನಾನು ಹೊಸನಗರದಲ್ಲಿ ಒಂದು ಆನ್‌ಲೈನ್ ಸೆಂಟರಲ್ಲಿ ಕೆಲ್ಸಕ್ಕಿದೀನಿ. ಅರ್ಜಿ ತುಂಬೋದು, ಆಧಾರ್ ಲಿಂಕು, ಅಂಥದ್ದು. ಜುಲೈಲಿ ಧೂಳ್ ಟ್ಯಾಲೆಂಟ್ ಆಡಿಷನ್ ಸಾಗರಕ್ಕೇ ಬರುತ್ತೆ ಅಂತ ಗೊತ್ತಾಯ್ತು. ನಂಗೆ ಅವತ್ತು ಊಟ ಸೇರ್ಲಿಲ್ಲ. ಆದ್ರೆ ನಂಗೆ ಎಂತದೂ ಬರಲ್ಲ. ಶಾಲೇಲಿ ಪ್ರಾರ್ಥನೆ ಹೊತ್ತಿಗೆ ಮೇಷ್ಟ್ರು, "ಮೇಘನಾ, ನೀನು ಬಾಯಾಡಿಸು ಸಾಕು, ಸೌಂಡ್ ಬೇಡ" ಅಂತಿದ್ರು. ಫಾರಂನ ಕೊನೇಲಿ ಸಣ್ಣಕ್ಷರದಲ್ಲಿ ಒಂದಿತ್ತು: ಆಯ್ಕೆ ಆದೋರ ಜೊತೆ ಒಬ್ರಿಗೆ ಸ್ಟುಡಿಯೋ ಪಾಸು. ಅದನ್ನ ಓದೋ ಹೊತ್ತಿಗೆ ಜಟ್ಟಿಂಗಣ್ಣ ಯಾವ್ದೋ ಅರ್ಜಿ ಹಿಡ್ಕೊಂಡು ನನ್ನೆದುರಿಗೇ ಕೂತಿದ್ರು.

"ಟೀವಿಗಾ? ನಂಗೆಂತಕ್ಕೆ ಹೆಣ್ಣೇ?"

"ನಮ್ಮೂರ ಹಾಡು ಇಡೀ ಕರ್ನಾಟಕ ಕೇಳುತ್ತೆ ಜಟ್ಟಿಂಗಣ್ಣ. ಈಗ ಯಾರೂ ಕಲಿಯೋದಿಲ್ಲ ಅಂತ ನೀವೇ ಅಂತೀರಲ್ಲ."

ಅದಕ್ಕೆ ಸ್ವಲ್ಪ ಮೆತ್ತಗಾದ್ರು. "ದೀಪ ಇಲ್ದೆ ಹೆಂಗೆ ಹೇಳೋದು?"

"ಅಲ್ಲಿ ಲೈಟ್ ಇರುತ್ತೆ ಬಿಡಿ."

ಅವ್ರ ಹೆಂಡ್ತಿ ಕುಮುದಕ್ಕಂಗೆ ಮನ್ಸೇ ಇರ್ಲಿಲ್ಲ. "ನೋಡು ಮಾರಾಯ್ತಿ, ಇವ್ರದ್ದು ಮೂಗಿನ ಹಾಡು. ನಮ್ಗೆ ರೂಢಿ ಆಗಿದೆ. ಅಲ್ಲಿ ಯಾರಾದ್ರೂ ನಕ್ಕಾರು" ಅಂದ್ಲು.

"ಇಲ್ಲ ಕುಮುದಕ್ಕ, ನಾನಿದೀನಲ್ಲ" ಅಂದೆ.

ಸಾಗರದಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ಆಡಿಷನ್ನು. ಮಳೆ ಬೇರೆ. ನಾನೂರೈವತ್ತು ಜನ ಛತ್ರಿ ಹಿಡ್ಕೊಂಡು ಕ್ಯೂ. ಒಳಗೆ ಯೋಗರಾಜ್ ಅಂತ ಒಬ್ಬ, ಆಡಿಷನ್ ನೋಡ್ಕಳ್ಳೋನು, ಕುತ್ತಿಗೇಲಿ ಹೆಡ್‌ಫೋನು. ಜಟ್ಟಿಂಗಣ್ಣ ಎರಡು ಸಾಲು ಹೇಳಿದ್ರು ಅಷ್ಟೇ. ಯೋಗರಾಜ್ ತಲೆ ಎತ್ತಿ ನೋಡ್ದ, ಪಕ್ಕದೋಳನ್ನ ಮೊಣಕೈಲಿ ತಿವ್ದ. ಆಮೇಲೆ ನನ್ನನ್ನ ಪಕ್ಕಕ್ಕೆ ಕರ್ದು ಕೇಳ್ದ, "ಮೇಡಂ, ಇವ್ರು ನಿಜವಾಗ್ಲೂ ಹಿಂಗೇನಾ? ಬೇಕಂತ ಮಾಡ್ತಿಲ್ಲ ತಾನೆ? ನಾಟಕ ಮಾಡೋರು ತುಂಬ ಬರ್ತಾರೆ, ನಮ್ಗೆ ಜೆನ್ಯೂನ್ ಬೇಕು."

"ನೂರಕ್ಕೆ ನೂರು ಜೆನ್ಯೂನ್ ಸರ್" ಅಂದೆ ನಾನು. ಹೆಮ್ಮೇಲಿ ಅಂದೆ.

ಅವ್ನು ಹಳದಿ ಕಾರ್ಡ್ ಕೊಟ್ಟ.

ಇಲ್ಲಿ ನಾನು ಸುಳ್ಳು ಹೇಳಲ್ಲ. ಚೆನ್ನಾಗಿ ಹಾಡಿದೋರಿಗೆಲ್ಲ ನೀಲಿ ಕಾರ್ಡ್ ಕೊಡ್ತಿದ್ರು. ಹಳದಿ ಸಿಕ್ಕಿದ್ದು ಮೂಗಲ್ಲಿ ಪೀಪಿ ಊದೋನಿಗೆ, ಮತ್ತೆ ಹಿಂದಕ್ಕೆ ನಡೀತಾ ಹಾಡು ಹೇಳೋ ಒಬ್ಬ ಹೆಂಗಸಿಗೆ. ಆರು ಸೀಸನ್ ನೋಡಿದವ್ಳಿಗೆ ಹಳದಿ ಅಂದ್ರೆ ಎಂತ ಅಂತ ಗೊತ್ತಾಗಲ್ವಾ? ಜಟ್ಟಿಂಗಣ್ಣ ಕಾರ್ಡನ್ನ ತಿರುಗ್ಸಿ ಮುರುಗ್ಸಿ ನೋಡಿ ಕೇಳಿದ್ರು, "ಇದು ಒಳ್ಳೇದನೇ?"

"ಒಳ್ಳೇದೇ" ಅಂದೆ. ಪಾಸು ಆಗ್ಲೇ ನನ್ ಕೈಲಿತ್ತು.

ಆಗಸ್ಟ್ ಕೊನೇಲಿ ಬೆಂಗ್ಳೂರಲ್ಲಿ ಶೂಟಿಂಗು. ಬಸ್ಸಲ್ಲಿ ಹೋಗುವಾಗ ಅವ್ರು ಚೀಲದಿಂದ ಒಂದು ಸಣ್ಣ ಕೆಮ್ಮಿನ ಔಷ್ಧಿ ಬಾಟ್ಲಿ ತೆಗ್ದು ನನ್ ಕೈಲಿ ಕೊಟ್ರು. ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿದ್ರು. ಒಳಗೆ ದೀಪದೆಣ್ಣೆ.

"ಅಲ್ಲಿ ಯಾರಿಗೂ ಶಾಸ್ತ್ರ ಗೊತ್ತಿರಲ್ಲ. ನಾನು ಹಾಡು ಹೇಳ್ತಾ ಮುಂದೆ ಬಂದಾಗ ನೀನು ಎದ್ದು ಬಂದು ಹಾಕ್ಬಿಡು. ಅಲ್ಲಿಗೆ ನಾನು ನಿಲ್ಲಿಸ್ತೀನಿ."

"ಆಯ್ತು ಜಟ್ಟಿಂಗಣ್ಣ."

ಸ್ಟುಡಿಯೋದಲ್ಲಿ ಬೆಂಕಿ ಹಚ್ಚಂಗಿಲ್ಲ ಅಂದ್ರು. ಬ್ಯಾಟ್ರಿ ದೀಪ ಕೊಟ್ರು, ಪ್ಲಾಸ್ಟಿಕ್ ಉರಿ ಅಲ್ಲಾಡುತ್ತಲ್ಲ, ಅದು. ಮೇಲಿಂದ ಒಂದು ಮಿಣಮಿಣ ಕೋಟು ಹಾಕ್ಸಿದ್ರು. "ಇದಕ್ಕೆ ಎಣ್ಣೆ?" ಅಂತ ಕೇಳಿದ್ರು ಜಟ್ಟಿಂಗಣ್ಣ. "ಇದಕ್ಕೆ ಸೆಲ್ಲು ಅಜ್ಜ" ಅಂದ ಯೋಗರಾಜ್. ಸುತ್ತ ಇದ್ದೋರು ನಕ್ರು. ಜಟ್ಟಿಂಗಣ್ಣ ನನ್ ಕಡೆ ತಿರುಗಿ ಮೆಲ್ಲಗೆ ಹೇಳಿದ್ರು, "ಬಾಟ್ಲಿ ತಂದು ಸುಮ್ನೆ ಮುಟ್ಸು ಸಾಕು. ಶಾಸ್ತ್ರಕ್ಕೆ."

ನಾನು ಮೂರನೇ ಸಾಲಲ್ಲಿ ಕೂತಿದ್ದೆ. ಬ್ಯಾಗ್ ತೊಡೆ ಮೇಲೆ, ಬಾಟ್ಲಿ ಬ್ಯಾಗಲ್ಲಿ.

ಅವ್ರು ಬಂದ್ರು. ಎಡಗೈ ಆ ಪ್ಲಾಸ್ಟಿಕ್ ಉರಿ ಹಿಂದೆ ಅಡ್ಡ ಹಿಡ್ಕೊಂಡೇ ಬಂದ್ರು, ಎಸಿ ಗಾಳಿಗೆ ಆರ್ಬಾರ್ದು ಅಂತ. ಹಾಡು ಶುರು ಮಾಡಿದ್ರು. ಅರ್ಧ ನಿಮಿಷಕ್ಕೆ ಮೊದಲ್ನೇ ಬಜರು. ನಿಲ್ಸಲಿಲ್ಲ. ಎರಡನೇದು, ಮೂರನೇದು. ನಿಲ್ಸಲಿಲ್ಲ. ಜಡ್ಜು "ಥ್ಯಾಂಕ್ಯೂ ಸರ್, ಸಾಕು" ಅಂದ್ರು. ಇವ್ರು ಹಾಡ್ತಾ ಹಾಡ್ತಾ ಟೇಬಲ್ ಹತ್ರ ಬಂದು ದೀಪ ಮುಂದೆ ಹಿಡಿದ್ರು. ಜಡ್ಜು ಹೆದ್ರಿದಂಗೆ ನಾಟಕ ಮಾಡಿ ಕುರ್ಚಿ ಹಿಂದೆ ಬಗ್ಗಿದ್ರು. ಇಡೀ ಹಾಲ್ ನಗ್ತಿದೆ. ಒಬ್ಳು ಹುಡ್ಗಿ ಕ್ಯಾಮರಾ ಪಕ್ಕ ನಿಂತು ನಮ್ಗೆಲ್ಲ ಕೈ ಎತ್ತಿ ಎತ್ತಿ ತೋರಿಸ್ತಿದಾಳೆ, ಇನ್ನೂ ಜೋರು, ಇನ್ನೂ ಜೋರು ಅಂತ.

ಜಟ್ಟಿಂಗಣ್ಣ ಮೂರನೇ ಸಾಲಿನ ಕಡೆ ನೋಡಿದ್ರು.

ನಾನು ಬ್ಯಾಗಿಗೆ ಕೈ ಹಾಕಿದ್ದು ಹೌದು. ಬಾಟ್ಲಿ ಸಿಕ್ಕಿದ್ದೂ ಹೌದು. ಅಷ್ಟೊತ್ತಿಗೆ ಆ ಉದ್ದ ಕೈಯಿನ ಕ್ಯಾಮರಾ ನನ್ ಕಡೆ ತಿರುಗ್ತು, ಕೆಂಪು ಲೈಟು. ನಂಗೆ ಅನ್ಸಿದ್ದು ಇಷ್ಟೇ: ನಾನು ಈಗ ಕೆಮ್ಮಿನ ಔಷ್ಧಿ ಬಾಟ್ಲಿ ಹಿಡ್ಕೊಂಡು ಎದ್ರೆ, ನನ್ ಶೋಲಿ, ನನ್ ಜಡ್ಜ್‌ಗಳ ಮುಂದೆ, ನಾನೂ ಹಳದಿ ಕಾರ್ಡ್ ಆಗ್ತೀನಿ. ಕೈ ಹೊರಗೆ ತೆಗ್ದೆ. ನಕ್ಕೆ.

ಜೋರಾಗೇ ನಕ್ಕೆ.

ನಾಲ್ಕು ನಿಮಿಷ ಹಾಡಿದ್ರು ಅವ್ರು. ಆಮೇಲೆ ಆಂಕರ್ ಬಂದು ಹೆಗಲು ಹಿಡ್ಕೊಂಡು ಕರ್ಕೊಂಡು ಹೋದ. ಹೋಗ್ತಾ ಹೋಗ್ತಾನೂ ಬಾಯಿ ಅಲ್ಲಾಡ್ತಿತ್ತು.

ಮುಗಿದ್ಮೇಲೆ ನಾನು ಒಬ್ರು ಜಡ್ಜ್ ಜೊತೆ ಸೆಲ್ಫಿ ತಗೊಂಡೆ. ಅದನ್ನೂ ಹೇಳ್ಬೇಕು, ಬಿಟ್ರೆ ತಪ್ಪಾಗುತ್ತೆ. ವಾಪಸ್ ಬಂದಿದ್ದು ರಾತ್ರಿ ಬಸ್ಸಲ್ಲಿ. ಬೆಳಿಗ್ಗೆ ರಿಪ್ಪನ್‌ಪೇಟೆ ದಾಟಿದ್ಮೇಲೆ ಜಟ್ಟಿಂಗಣ್ಣ, "ನೀರು ಬಿಡಕ್ಕೆ ತಡ ಆಯ್ತು ಇವತ್ತು" ಅಂದ್ರು. ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಶನಿವಾರ ಪ್ರಸಾರ ಆಯ್ತು. ನಾಲ್ಕು ನಿಮಿಷಾನ ಐವತ್ತು ಸೆಕೆಂಡ್ ಮಾಡಿದ್ರು. ಅವ್ರು ಸ್ವರ ಜಾರ್ಸಿದಾಗೆಲ್ಲ ನಾಯಿ ಊಳಿಡೋ ಸೌಂಡ್ ಹಾಕಿದ್ರು. ಮಧ್ಯೆ ನಗೋರ ಮುಖ ತೋರಿಸ್ತಾರಲ್ಲ, ಅದ್ರಲ್ಲಿ ಒಂದು ಮುಖ ನಂದು. ಅಮ್ಮ ರಿಮೋಟ್ ಒತ್ತಿ ನಿಲ್ಸಿ ಹತ್ರ ಹೋಗಿ ನೋಡಿದ್ಲು.

"ಇದು ನೀನಲ್ಲನೇ?"

"ಹ್ಞೂಂ."

"ನೀನೂ ನಗ್ತಿದೀಯಲ್ಲೇ."

ಮಾರನೇ ದಿನ ಬೆಳಿಗ್ಗೆ ಬಸ್‌ಸ್ಟಾಪ್ ಟೀ ಹೋಟ್ಲಲ್ಲಿ ಊರೋರೆಲ್ಲ ಕಾಯ್ತಾನೇ ಇದ್ರು. ಸುರೇಂದ್ರಣ್ಣ, ಅಂಟಿಗೆ ಪಂಟಿಗೆ ತಂಡದೋನೇ, ಜಟ್ಟಿಂಗಣ್ಣ ಬಂದದ್ದೇ ಶುರು ಮಾಡ್ದ. "ಎಂತದನಾ ಜಟ್ಟಿಂಗಾ, ಬಜರ್ ಅಂದ್ರೆ ಅಕ್ಕಿ ಗಿರಣಿ ಸೈರನ್ ಅಂದ್ಕಂಡ್ಯಾ?"

ಜಟ್ಟಿಂಗಣ್ಣ ಗ್ಲಾಸ್ ಕೆಳಗಿಟ್ಟು ನಕ್ರು. "ಅದೆಲ್ಲ ನಾಟಕ ಮಾರಾಯಾ. ಅವ್ರೇ ಹೇಳ್ಕೊಟ್ಟಿದ್ದು. ಬಜರ್ ಆದ್ರೂ ನಿಲ್ಸಬೇಡ, ಜನ ನಗ್ಬೇಕು ಅಂತ. ಮೂರು ಸಲ ಪ್ರಾಕ್ಟೀಸ್ ಮಾಡ್ಸಿದ್ರು."

"ಹೌದನಾ! ಮತ್ತೆ ಭಾರಿ ಆಕ್ಟಿಂಗ್ ಮಾರಾಯಾ ನಿಂದು! ಹೌದನೇ ಮೇಘನಾ? ನೀನೂ ಇದ್ಯಲ್ಲ ಅಲ್ಲಿ."

ನಾನು ಬಸ್ಸಿಗೆ ನಿಂತಿದ್ದೆ. ಜಟ್ಟಿಂಗಣ್ಣ ನನ್ ಮುಖ ನೋಡ್ಲಿಲ್ಲ, ಗ್ಲಾಸೇ ನೋಡ್ತಿದ್ರು. "ಹೌದು ಹೌದು, ಎಲ್ಲ ಹೇಳ್ಕೊಟ್ಟಿದ್ದು" ಅಂದೆ.

ಅಲ್ಲಿಗೆ ಮುಗೀತು. ನಾಕು ದಿನದಲ್ಲಿ ಅವ್ರು ನಮ್ಮೂರಲ್ಲಿ ಆಕ್ಟರ್ ಆಗ್ಬಿಟ್ರು. ಹುಡುಗ್ರೆಲ್ಲ "ಹೀರೋ, ನೀರು ಬಿಡಿ" ಅನ್ನೋರು, ಅವ್ರೂ ಕೋಟು ಸರಿ ಮಾಡ್ಕೊಂಡಂಗೆ ತೋರ್ಸಿ ನಗೋರು. ಅಷ್ಟಕ್ಕೇ ಬಿಟ್ಟಿದ್ರೆ ಆಗಿರೋದು.

ಆದ್ರೆ ಆ ಕ್ಲಿಪ್ಪು ವೈರಲ್ ಆಯ್ತು. ಕಾಮೆಂಟ್ ತುಂಬ ಅದೇ ಜಗಳ. "ಪಕ್ಕಾ ಪೇಯ್ಡ್ ಆಕ್ಟರ್." "ಇಷ್ಟು ಕೆಟ್ಟದಾಗಿ ಯಾರೂ ಹಾಡಲ್ಲ, ಸ್ಕ್ರಿಪ್ಟು." "ಈ ಶೋನೇ ಫೇಕ್, ನೋಡೋರು ದಡ್ರು." ಇದು ನಂಗೆ ಉರೀತು. ಆರು ಸೀಸನ್ ನೋಡಿದವ್ಳು ನಾನು. ಧನ್ಯಶ್ರೀ ತೀರ್ಥಳ್ಳಿಯಿಂದ ಫೋನ್ ಮಾಡಿದ್ಲು.

"ನಿಮ್ಮೂರೋರೇ ಅಲ್ವೇನೇ ಅವ್ರು? ಪ್ರೂಫ್ ಇದ್ರೆ ಹಾಕೇ. ನಮ್ ಶೋ ಮಾನ ಹೋಗ್ತಿದೆ ಇಲ್ಲಿ."

ಪ್ರೂಫ್ ಇತ್ತು. ಹೋದ ವರ್ಷ ದೀಪಾವಳೀಲಿ ನಮ್ಮನೆ ಬಾಗ್ಲಲ್ಲಿ ಜಟ್ಟಿಂಗಣ್ಣ ಹಾಡ್ತಿದ್ದಾಗ ಮೊಬೈಲಲ್ಲಿ ಹಿಡ್ದಿದ್ದೆ. ಅದೇ ಮೂಗು, ಅದೇ ಎಳೆತ, ಅದೇ ನಿಲ್ಸದೇ ಇರೋದು. ಅಮ್ಮ ಮಂಡಿ ನೋವಲ್ಲಿ ಕುಂಟ್ತಾ ಬಂದು ಎಣ್ಣೆ ಹಾಕೋದೂ ಇತ್ತು. ಅಲ್ಲಲ್ಲಿ ಕತ್ತರ್ಸಿ ಅಂಟ್ಸಿ ಮೂವತ್ತೆಂಟು ಸೆಕೆಂಡ್ ಮಾಡಿ ಹಾಕ್ದೆ. ಮೇಲೆ ಬರ್ದೆ: "ಫೇಕ್ ಅನ್ನೋರು ನೋಡ್ರಪ್ಪಾ! ಇವ್ರು ನಮ್ಮೂರೋರು, ನಿಜವಾಗ್ಲೂ ಹಿಂಗೇ ಹಾಡೋದು! ನಾನೇ ಸಾಕ್ಷಿ! ನೂರಕ್ಕೆ ನೂರು ಜೆನ್ಯೂನ್!"

ಮೂರು ಲಕ್ಷ ಜನ ನೋಡಿದ್ರು. ನಮ್ ಪೇಜಿಗೆ ಅಷ್ಟು ಯಾವತ್ತೂ ಬಂದಿಲ್ಲ. ಮೊದಲ್ನೇ ದಿನ ಖುಷಿಯಾಗಿದ್ದೆ, ನಿಜ ಹೇಳ್ತೀನಿ. ಎರಡನೇ ದಿನ ಯಾರೋ ಅದೇ ವಿಡಿಯೋಗೆ ನಾಯಿ ಸೌಂಡ್ ಸೇರ್ಸಿ ಹಾಕಿದ್ರು. ಇನ್ಯಾರೋ ಅಮ್ಮ ಕುಂಟ್ತಾ ಬರೋದಕ್ಕೆ ಡ್ಯಾನ್ಸ್ ಹಾಡು ಸೇರ್ಸಿದ್ರು. ನಮ್ಮನೆ ದೀಪಕ್ಕೆ ಮೂರು ಲಕ್ಷ ಜನ ನಗ್ತಿದ್ರು. ಬಾಗ್ಲು ತೆಗ್ದಿದ್ದು ನಾನು.

ಟೀ ಹೋಟ್ಲಲ್ಲಿ ಸುರೇಂದ್ರಣ್ಣ ಆ ಫೋನ್ ಹಿಡ್ದು ಜಟ್ಟಿಂಗಣ್ಣಂಗೆ ತೋರ್ಸಿದ್ನಂತೆ. "ನಾಟಕ ಅಂದ್ಯಲ್ಲನಾ? ಸರೋಜಮ್ಮನ ಮಗ್ಳು ನಿಜ ಅಂತ ಬರ್ದಿದಾಳಲ್ಲ?" ಅವ್ರು ಅರ್ಧ ಟೀ ಅಲ್ಲೇ ಬಿಟ್ಟು ಎದ್ದು ಹೋದ್ರಂತೆ.

ಅವತ್ತಿಂದ ನೀರು ಬೆಳಕು ಹರಿಯೋ ಮುಂಚೇನೇ ಬರಕ್ಕೆ ಶುರು ಆಯ್ತು. ಜನ ಏಳೋದ್ರೊಳಗೆ ವಾಲ್ ತಿರುಗ್ಸಿ ಹೋಗ್ಬಿಡ್ತಿದ್ರು. ತಂಡದೋರಿಗೆ ಹೇಳಿ ಕಳ್ಸಿದ್ರು: ಈ ವರ್ಷ ನಾನು ಹಾಡು ಹೇಳಲ್ಲ, ಬೇರೆ ಯಾರಾದ್ರೂ ಹೇಳ್ಲಿ. ಬೇರೆ ಯಾರಿದಾರೆ? ಅವ್ರಪ್ಪನ ಕಾಲದಿಂದ ಒಂದು ವರ್ಷಾನೂ ತಪ್ಪಿರ್ಲಿಲ್ಲ. ಈ ಸಲ ನಮ್ಮೂರ ಬಾಗ್ಲುಗಳಲ್ಲಿ ಅವ್ರ ಹಾಡು ಇಲ್ಲ ಅಂದ್ರೆ ಅದು ನನ್ನಿಂದ. ಊರೋರು ಬಾಯ್ಬಿಟ್ಟು ಹೇಳ್ಲಿಲ್ಲ. ಅಮ್ಮ ಮಾತ್ರ ಹೇಳಿದ್ಲು, "ಹೋಗಿ ಕಾಲು ಹಿಡ್ಕೋ" ಅಂತ.

ಗುಡ್ಡದ ಮೇಲೆ ಟ್ಯಾಂಕ್ ಹತ್ರ ಸಿಕ್ಕಿದ್ರು. ವಾಲ್‌ಗೆ ಗ್ರೀಸ್ ಹಚ್ತಿದ್ರು.

"ಆ ವಿಡಿಯೋ ಡಿಲೀಟ್ ಮಾಡಿದೀನಿ ಜಟ್ಟಿಂಗಣ್ಣ."

"ಎಲ್ಲಿಂದ?"

"ನಮ್ ಪೇಜಿಂದ."

"ಬಾಕಿಯೋರ ಹತ್ರ ಇರೋದು?"

ಅವ್ರು ಗ್ರೀಸ್ ಹಚ್ತಾನೇ ಇದ್ರು.

"ನೀನು ಬರ್ದಿದ್ದು ಸುಳ್ಳೇನಲ್ಲ ಬಿಡು. ನಂಗೆ ಹಂಗೇ ಬರೋದು. ಅಪ್ಪಂಗೂ ಹಂಗೇ ಬರ್ತಿತ್ತು." ಗ್ರೀಸ್ ಡಬ್ಬಿಗೆ ಮುಚ್ಚಳ ಹಾಕಿ, "ನಂಗೆ ನಕ್ಕಿದ್ರೆ ಎಂತ ಇಲ್ಲ ಹೆಣ್ಣೇ. ಊರಲ್ಲಿ ದಿನಾ ನಗ್ತಾರೆ. 'ನಾಟಕ' ಅಂತ ನಾನು ಹೇಳಿದ್ದು, ನಕ್ಕಿದ್ದು ನನ್ ಮೇಲೇ ಇರ್ಲಿ, ಹಾಡಿನ ಮೇಲೆ ಬೇಡ ಅಂತ. ನೀನು ಆ ಬೇಲೀನೂ ಕಿತ್ತು ಹಾಕ್ದೆ. ಇನ್ನು ನಾನು ಯಾರ ಬಾಗ್ಲಲ್ಲಿ ನಿಂತ್ರೂ ಅವ್ರಿಗೆ ಆ ನಾಯಿ ಸೌಂಡೇ ಕೇಳುತ್ತೆ" ಅಂದ್ರು.

ನಾನು ಅಳ್ತಿದ್ದೆ. ಅವ್ರು ಸಮಾಧಾನ ಮಾಡ್ಲಿಲ್ಲ. ಕೀ ಎತ್ಕೊಂಡು ಹೊರಟೋರು ತಿರುಗಿ ಕೇಳಿದ್ರು, "ಬಾಟ್ಲಿ ಎಲ್ಲಿದೆ?"

"ಬ್ಯಾಗಲ್ಲೇ ಇದೆ."

"ಹ್ಞೂಂ" ಅಂದು ಇಳಿದು ಹೋದ್ರು.

ನಾನು ಪೇಜಲ್ಲಿ ಉದ್ದಕ್ಕೆ ಬರ್ದೆ. ಅಂಟಿಗೆ ಪಂಟಿಗೆ ಅಂದ್ರೆ ಎಂತ, ಎಣ್ಣೆ ಹಾಕೋದು ಎಂತಕ್ಕೆ, ಬಾಟ್ಲಿ ನನ್ ಹತ್ರ ಇತ್ತು, ನಾನು ಏಳ್ಲಿಲ್ಲ, ಎಲ್ಲಾನೂ. ನಲ್ವತ್ತೆರಡು ಲೈಕು. ಕೆಳಗೆ ಒಬ್ಬ ಬರ್ದಿದ್ದ, "ಸ್ಕ್ರಿಪ್ಟ್ ಪಾರ್ಟ್ ಟೂ." ಇನ್ನೊಬ್ಬ, "ನಿಮ್ಗೆ ಚಾನೆಲ್ ಎಷ್ಟು ಕೊಟ್ರು ಅಕ್ಕಾ?" ನಾನು ಜನ್ಮದಲ್ಲಿ ಮೊದಲ್ನೇ ಸಲ ಕಾಮೆಂಟಿಗೆ ಉತ್ರ ಕೊಡ್ಲಿಲ್ಲ.

ಮೂರು ಲಕ್ಷ ಜನಕ್ಕೆ ಹೇಳಕ್ಕಾಗ್ದಿದ್ರೂ ಟೀ ಹೋಟ್ಲಲ್ಲಿ ಕೂರೋ ಆರು ಜನಕ್ಕೆ ಹೇಳ್ಬೋದಲ್ಲ ಅಂತ ಹೋದೆ.

"ಸುರೇಂದ್ರಣ್ಣ, ಅದು ನಾಟಕ ಅಲ್ಲ. ಜಟ್ಟಿಂಗಣ್ಣಂಗೆ ಬಜರ್ ಗೊತ್ತಾಗ್ಲಿಲ್ಲ ಅಂತಾನೂ ಅಲ್ಲ. ನಾನು ಎಣ್ಣೆ ಹಾಕ್ಬೇಕಿತ್ತು. ಬಾಟ್ಲಿ ಕೊಟ್ಟಿದ್ರು. ನಾನು ಏಳ್ಲಿಲ್ಲ. ಅದಕ್ಕೆ ಅವ್ರು ನಿಲ್ಸಲಿಲ್ಲ."

ಎಣ್ಣೆ ಬೀಳ್ದೆ ನಿಲ್ಸಬಾರ್ದು ಅಂತ ಅಲ್ಲಿದ್ದ ಎಲ್ರಿಗೂ ಗೊತ್ತು. ಟೀವೀಲಿ ನೋಡುವಾಗ ಒಬ್ರಿಗೂ ಹೊಳೆದಿರ್ಲಿಲ್ಲ ಅಷ್ಟೇ. ಸುರೇಂದ್ರಣ್ಣ ತಲೆ ಕೆರ್ಕೊಂಡ.

"ಮತ್ತೆ ನೀನು ನಗ್ತಿದ್ಯಲ್ಲೇ ಅಲ್ಲಿ?"

"ಹೌದು."

ಹೋಟ್ಲೋರು ನನ್ನ ಕಡೆ ಬೆನ್ನು ಮಾಡಿ ಗ್ಲಾಸ್ ತೊಳಿಯಕ್ಕೆ ಹೋದ್ರು. ಬಸ್ಸು ಬರೋವರೆಗೂ ಅಲ್ಲೇ ನಿಂತಿದ್ದೆ, ಬೇರೆ ಎಲ್ಲಿ ಹೋಗೋದು?

ದೀಪಾವಳಿ ಬಂತು. ಪಾಡ್ಯದ ದಿನ ಇನ್ನೂ ಬೆಳಕಿರುವಾಗ್ಲೇ ತಂಡ ಹೊರಟಿದೆ ಅಂತ ಗೊತ್ತಾಯ್ತು. ದೇವಸ್ಥಾನದಿಂದ ಬಂದ್ರೆ ಊರಿಗೆಲ್ಲ ನಮ್ಮನೆ ಮೊದಲ್ನೇದು. ದೀಪ ಹಿಡ್ದಿದ್ದು ಜಟ್ಟಿಂಗಣ್ಣಾನೇ. ಹಾಡು ಹೇಳಲ್ಲ, ದೀಪ ಬೇಕಾದ್ರೆ ಹಿಡೀತೀನಿ ಅಂದಿದ್ರಂತೆ. ಕುಮುದಕ್ಕ "ಬಾಯಿಗೆ ನೋವಾಗಿದೆ, ಕೈಗೆ ಎಂತ ಆಗಿದೆ?" ಅಂತ ಬೈದು ಕಳ್ಸಿದ್ಲಂತೆ. ಹಾಡು ಹೇಳೋದು ಸುರೇಂದ್ರಣ್ಣ, ಒಂದು ಹಾಳೇಲಿ ಬರ್ಕೊಂಡು ಬಂದಿದ್ದ.

ಬಾಗ್ಲಲ್ಲಿ ಶುರು ಆಯ್ತು. ಅಮ್ಮ ಎಣ್ಣೆ ಗಿಂಡಿ ಹಿಡ್ದು ರೆಡಿಯಾಗೇ ಇದ್ಲು. "ತಡಿ ಅಮ್ಮ, ನಾನು ಹಾಕ್ತೀನಿ" ಅಂದು ಬ್ಯಾಗಿಂದ ಆ ಬಾಟ್ಲಿ ತಂದೆ. ದಾರ ಬಿಚ್ದೆ. ಮುಚ್ಚಳ ಬರ್ತಾ ಇಲ್ಲ. ಎರಡು ತಿಂಗ್ಳು ಬ್ಯಾಗಲ್ಲಿ ಬಿದ್ದು ಎಣ್ಣೆ ಜಿಡ್ಡು ಕಟ್ಟಿ ಅಂಟಿದೆ. ತಿರುಗಿಸ್ತೀನಿ, ಜಾರುತ್ತೆ. ಸೆರಗಲ್ಲಿ ಹಿಡ್ಕೊ ಅಂತಾಳೆ ಅಮ್ಮ. ನಾನು ಹಾಕಿದ್ದು ಚೂಡಿದಾರ. ಅಷ್ಟೊತ್ತಿಗೆ ಸುರೇಂದ್ರಣ್ಣನ ಹಾಳೆ ಮುಗೀತು. ಎರಡೇ ಪದ್ಯ ಬರ್ಕೊಂಡಿದ್ದ.

"ಮುಂದಿಂದ್ ಎಂತನಾ?" ಅಂತ ಪಿಸುಗುಟ್ದ. ಜಟ್ಟಿಂಗಣ್ಣ ದೀಪಾನೇ ನೋಡ್ತಿದ್ರು. ಹಿಂದಿನೋರ ಎಳೆತ ಸಣ್ಣಕ್ಕಾಗ್ತಾ ಬಂತು. ಇನ್ನೊಂದು ಉಸಿರಿಗೆ ನಿಂತೇ ಹೋಗುತ್ತೆ.

ಮುಂದಿನ ಸಾಲು ನಂಗೆ ಬರ್ತಿತ್ತು, ನನ್ ವಿಡಿಯೋದಲ್ಲಿದ್ದ ಹಾಡೇ ಅದು. ಆ ವಿಡಿಯೋನ ಕತ್ತರ್ಸುವಾಗ, ಕಾಮೆಂಟ್ ಓದುವಾಗ, ಡಿಲೀಟ್ ಮಾಡುವಾಗ ಎಷ್ಟು ಸಲ ಕೇಳಿದ್ನೋ. ಬಾಯಿ ಬಿಟ್ಟೆ. ಮೇಷ್ಟ್ರು ಸೌಂಡ್ ಬೇಡ ಅಂದಿದ್ದ ಅದೇ ಬಾಯಿ. ಅದೇನು ಹಾಡೋ, ಬಾಗ್ಲು ಕಿರ್ ಅಂದಂಗೆ. ತಂಡದಲ್ಲಿ ಯಾರೋ ಕಿಸಕ್ ಅಂದ್ರು. ಸುರೇಂದ್ರಣ್ಣ ಬಾಯಿಗೆ ಹಾಳೆ ಅಡ್ಡ ಹಿಡ್ಕೊಂಡ. ಬೇಲಿ ಹತ್ರ ನಿಂತಿದ್ದ ಪಕ್ಕದ್ಮನೆಯೋರು ಜೋರಾಗೇ ನಕ್ರು. ನಿಲ್ಸಿಬಿಡೋಣ ಅನ್ಸ್ತು, ಆದ್ರೆ ಮುಚ್ಚಳ ಬಂದಿಲ್ಲ, ಎಣ್ಣೆ ಬಿದ್ದಿಲ್ಲ. ಹಲ್ಲಲ್ಲಿ ಕಚ್ಚಿ ಎಳೀತೀನಿ, ಮತ್ತೆ ಬಾಯಿ ತೆಗ್ದು ಹಾಡ್ತೀನಿ, ಮತ್ತೆ ಕಚ್ತೀನಿ. ಜನ ನಗೋವಾಗ ಹಾಡೋದು ಎಷ್ಟು ಉದ್ದ ಇರುತ್ತೆ ಅಂತ ಆವಾಗ ಗೊತ್ತಾಯ್ತು. ಸ್ಟುಡಿಯೋದಲ್ಲಿ ಜಟ್ಟಿಂಗಣ್ಣ ನಾಲ್ಕು ನಿಮಿಷ ನಿಂತಿದ್ರು. ನಾನು ಅರ್ಧ ನಿಮಿಷಕ್ಕೇ ನೆಲ ನೋಡ್ತಿದ್ದೆ.

ಜಟ್ಟಿಂಗಣ್ಣ ನನ್ನನ್ನೇ ನೋಡ್ತಿದ್ರು. ನಗ್ಲಿಲ್ಲ. ದನಿ ಸೇರಿಸ್ಲೂ ಇಲ್ಲ. ಎಡಗೈ ದೀಪಕ್ಕೆ ಅಡ್ಡ ಹಿಡ್ಕೊಂಡು, ಎಣ್ಣೆಗೆ ಕಾಯ್ತಾ ನಿಂತಿದ್ರು, ಅಷ್ಟೇ.

ಮುಚ್ಚಳ ಬಂತು. ಎಣ್ಣೆ ಹಾಕ್ದೆ. ಅವಸರಕ್ಕೆ ಅರ್ಧ ಅವ್ರ ಕೈ ಮೇಲೇ ಬಿತ್ತು.

ಹಾಡು ನಿಲ್ಲಿಸ್ದೆ. ಅಮ್ಮ ಆ ದೀಪದಿಂದ ನಮ್ಮನೆ ದೀಪ ಹಚ್ಕೊಂಡ್ಲು.

ಜಟ್ಟಿಂಗಣ್ಣ ಕೈ ಒರ್ಸ್ಕೊಂಡು ಹೇಳಿದ್ರು, "ಸಾಲು ಹಿಂದೆ ಮುಂದೆ ಮಾಡ್ದೆ. ಮೊದ್ಲು ಬಾಗ್ಲಿನ ಸಾಲು, ಆಮೇಲೆ ಹೊಸ್ತಿಲಿನ ಸಾಲು."

"ವಿಡಿಯೋದಲ್ಲಿ ನಾನೇ ಹಂಗೆ ಕತ್ತರ್ಸಿ ಅಂಟ್ಸಿದ್ದೆ ಜಟ್ಟಿಂಗಣ್ಣ."

ಅವ್ರು ದೀಪಕ್ಕೆ ಮತ್ತೆ ಕೈ ಅಡ್ಡ ಹಿಡಿದ್ರು. "ತಪ್ಪು ಹೇಳಿದ್ದು ಹಂಗೇ ಮುಂದಿನ ಮನೆಗೆ ಹೋಗ್ಬಾರ್ದು" ಅಂತ ಸುರೇಂದ್ರಣ್ಣಂಗೆ ಹೇಳಿ, ತಿರುಗಿ ಗೇಟ್ ದಾಟಿ ಹೋದ್ರು.

ಪಕ್ಕದ್ಮನೆ ಅಂಗಳದಿಂದ ಕೇಳ್ತು. ಅದೇ ಮೂಗು, ಅದೇ ಎಳೆತ. ಮೊದ್ಲು ಬಾಗ್ಲಿನ ಸಾಲು, ಆಮೇಲೆ ಹೊಸ್ತಿಲಿನ ಸಾಲು. ನಕ್ಕಿದ್ದೋರು ಸುಮ್ಮನಾಗಿದ್ರು. ಹತ್ರ ಹೋಗಿ ಕೇಳೋಣ ಅಂತ ಗೇಟ್‌ವರೆಗೂ ಹೋದೆ. ದಾಟಕ್ಕೆ ಮುಖ ಆಗ್ಲಿಲ್ಲ. ಗೇಟ್ ಹಿಡ್ಕೊಂಡು ಅಲ್ಲೇ ನಿಂತೆ, ಖಾಲಿ ಬಾಟ್ಲಿ ಇನ್ನೂ ಕೈಲಿತ್ತು.

ಉಳಿದ ಐವತ್ತೊಂದು ಮನೇಲೂ ಹಾಡಿದ್ರಂತೆ ಅವ್ರು. ನಮ್ಮನೆ ಬಾಗ್ಲಲ್ಲಿ ಮಾತ್ರ ಇಲ್ಲ.

"ಇರ್ಲಿ ಬಿಡು" ಅಂದ್ಲು ಅಮ್ಮ, ಚೆಲ್ಲಿದ ಎಣ್ಣೆ ಒರ್ಸ್ತಾ. "ಈ ವರ್ಷ ನಮ್ಮನೆಗೆ ನಿಂದೇ ಹಾಡು."